ಎಕ್ಸ್‌ಟ್ರಾ ಲೈಟ್ ನೀವೇ ಹಾಕಿದ್ದೀರಿ, ಉರಿಯುತ್ತಿಲ್ಲ: ದೋಷ ಎಲ್ಲಿದೆ ಅಂತ ಹುಡುಕುವ ದಾರಿ

ದಾವಣಗೆರೆ, ಚಿತ್ರದುರ್ಗದ ಕಡೆ ರಾತ್ರಿ ಗಾಡಿ ಓಡಿಸುವವರಿಗೆ ಎಕ್ಸ್‌ಟ್ರಾ ಲೈಟ್ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಿಲ್ಲ. ಮೆಕ್ಕೆಜೋಳದ ಸುಗ್ಗಿ ಬಂತು ಅಂದರೆ ಜಗಳೂರು ಕಡೆ, ಚನ್ನಗಿರಿ ಕಡೆ ಅರ್ಧ ರಸ್ತೆಗೆ ಕಾಳು ಹರವಿರುತ್ತಾರೆ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ, ಡಿಪ್ ಲೈಟಿಗೆ ಆ ಕಲ್ಲು ಕಾಣುವ ಹೊತ್ತಿಗೆ ಬ್ರೇಕ್ ಹಿಡಿಯುವಷ್ಟು ಜಾಗ ಉಳಿದಿರುವುದಿಲ್ಲ. ಹಿಂದೆ ಒಂದು ರಿಫ್ಲೆಕ್ಟರೂ ಇಲ್ಲದ ಟ್ರ್ಯಾಲಿಗಳು ಬೇರೆ. ಹಾಗಾಗಿ ಬೊಲೆರೊ, ಪಿಕಪ್, ಹಳೇ ಜೀಪು ಇಟ್ಟುಕೊಂಡವರು ಒಂದು ಜೊತೆ ಲೈಟ್, ಒಂದು ವೈರಿಂಗ್ ಕಿಟ್ ತಂದು ಭಾನುವಾರ ಮನೆ ಮುಂದೆಯೇ ಕೂರಿಸಿಬಿಡುತ್ತಾರೆ. ಒಳ್ಳೆಯ ಕೆಲಸ. ನಾನೂ ಅದನ್ನೇ ಮಾಡುವವನು.

ಕೂರಿಸುವುದು ಹೇಗೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಕೂರಿಸಿ ಒಂದು ಮಳೆಗಾಲ ಕಳೆದ ಮೇಲೆ ಒಂದು ಲೈಟ್ ಆರಿಹೋದಾಗ, ಅಥವಾ ಫ್ಯೂಸ್ ಪದೇ ಪದೇ ಹೋಗುವಾಗ ಏನು ಮಾಡಬೇಕು ಅಂತ ಹೇಳುವವರು ಕಮ್ಮಿ. ಆಗ ಸಾಮಾನ್ಯವಾಗಿ ಆಗುವುದು ಏನೆಂದರೆ, ಅಂಗಡಿಗೆ ಹೋಗಿ ಹೊಸ ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಡಬ್ಬಿ) ತರುತ್ತಾರೆ, ಅದೂ ಸರಿಹೋಗಲಿಲ್ಲ ಅಂತ ಹೊಸ ಸ್ವಿಚ್ಚು, ಆಮೇಲೆ ಹೊಸ ಲೈಟು. ದುಡ್ಡು ಹೋಗುತ್ತದೆ, ದೋಷ ಹಾಗೇ ಇರುತ್ತದೆ. ಯಾಕೆಂದರೆ ಹೆಚ್ಚಿನ ಸಲ ತಪ್ಪು ಇರುವುದು ಸಾಮಾನಿನಲ್ಲಿ ಅಲ್ಲ, ಜಾಯಿಂಟಿನಲ್ಲಿ. ಅದರಲ್ಲೂ ಅರ್ತ್‌ನಲ್ಲಿ, ಅಂದರೆ ಕರೆಂಟ್ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ಜಾಯಿಂಟಿನಲ್ಲಿ. ಅಳೆಯದೆ ಏನನ್ನೂ ಬದಲಾಯಿಸಬೇಡಿ ಅನ್ನುವುದೇ ಇಲ್ಲಿ ನಾನು ಹೇಳಲು ಹೊರಟಿರುವುದು. ಅಳೆಯುವಾಗ ಲೈಟ್ ಉರಿಯುವ ಸ್ಥಿತಿಯಲ್ಲಿ, ಅಂದರೆ ಲೋಡ್ ಇಟ್ಟುಕೊಂಡೇ ಅಳೆಯಿರಿ.

ಇಲ್ಲಿ ಹೇಳುವುದೆಲ್ಲ 12 ವೋಲ್ಟ್ ಗಾಡಿಗಳಿಗೆ. ಲಾರಿ, ಬಸ್ಸು 24 ವೋಲ್ಟ್.

ಮೊದಲು ದಾರಿ ಗೊತ್ತಿರಲಿ

ಬ್ಯಾಟರಿಯ ಪ್ಲಸ್‌ನಿಂದ ಒಂದು ದಪ್ಪ ವೈರ್ ಹೊರಟು ಫ್ಯೂಸ್ ದಾಟಿ ರಿಲೇಯ 30ನೇ ಪಿನ್ನಿಗೆ ಬರುತ್ತದೆ. 87ನೇ ಪಿನ್ನಿನಿಂದ ಇನ್ನೊಂದು ದಪ್ಪ ವೈರ್ ಎರಡೂ ಲೈಟಿಗೆ ಹೋಗುತ್ತದೆ. ಲೈಟಿನ ಕಪ್ಪು ವೈರ್ ಬಾಡಿಗೆ ಅರ್ತ್. ಜಾಸ್ತಿ ಕರೆಂಟ್ ಹರಿಯುವ ದಾರಿ ಇದು. ಇನ್ನೊಂದು ಸಣ್ಣ ದಾರಿ ಇದೆ: ಹೈ ಬೀಮ್ ವೈರಿನಿಂದಲೋ ಕೀ ಆನ್ ಮಾಡಿದಾಗ ಬರುವ ಸಪ್ಲೈಯಿಂದಲೋ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಅಲ್ಲಿಂದ ರಿಲೇಯ 86ಕ್ಕೆ, 85ರಿಂದ ಅರ್ತ್‌ಗೆ. ಈ ದಾರಿಯಲ್ಲಿ ರಿಲೇಯ ಕಾಯಿಲ್‌ಗೆ ಬೇಕಾದ 150ರಿಂದ 200 ಮಿಲಿಆಂಪ್ ಮಾತ್ರ ಹರಿಯುತ್ತದೆ. ಅದಕ್ಕೇ ಸ್ವಿಚ್ಚಿನ ವೈರ್ ಸಣ್ಣದಿದ್ದರೂ ನಡೆಯುತ್ತದೆ.

ಈ ಎರಡು ದಾರಿಗಳನ್ನು ಮನಸ್ಸಿನಲ್ಲಿ ಬೇರೆ ಬೇರೆ ಇಟ್ಟುಕೊಳ್ಳಿ. ಸ್ವಿಚ್ ಹಾಕಿದಾಗ ರಿಲೇ "ಟಕ್" ಅಂದರೆ ಸಣ್ಣ ದಾರಿ ಸರಿ ಇದೆ, ದೊಡ್ಡ ದಾರಿಯಲ್ಲಿ ಹುಡುಕಿ. ಟಕ್ ಅನ್ನದಿದ್ದರೆ ಸಣ್ಣ ದಾರಿಯಲ್ಲಿ ಹುಡುಕಿ. ಇದೊಂದರಿಂದಲೇ ಅರ್ಧ ಕೆಲಸ ಮುಗಿಯುತ್ತದೆ. ಎಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ, ರಿಲೇ ಮೇಲೆ ಬೆರಳಿಟ್ಟು ಇನ್ನೊಬ್ಬರಿಗೆ ಸ್ವಿಚ್ ಹಾಕಲು ಹೇಳಿ. ಹೈ ಬೀಮ್‌ನಿಂದ ಸಪ್ಲೈ ತೆಗೆದಿದ್ದರೆ ಕೀ ಆನ್ ಇರಬೇಕು, ಹೈ ಬೀಮೂ ಹಾಕಿರಬೇಕು. ಸದ್ದು ಕೇಳದಿದ್ದರೂ ಬೆರಳಿಗೆ ಗೊತ್ತಾಗುತ್ತದೆ.

ಕರೆಂಟಿನ ಲೆಕ್ಕವೂ ಒಂದು ಸಲ ಹಾಕಿಕೊಳ್ಳಿ. 55 ವ್ಯಾಟಿನ ಹ್ಯಾಲೊಜೆನ್ ಎರಡು ಅಂದರೆ 110 ವ್ಯಾಟ್, 12ರಿಂದ ಭಾಗಿಸಿದರೆ 9 ಆಂಪ್ ಮೇಲೆ. 15 ಆಂಪ್ ಫ್ಯೂಸ್, 2.5 ಸ್ಕ್ವೇರ್ ಎಂಎಂ ವೈರ್ ಸರಿಹೋಗುತ್ತದೆ. 20 ವ್ಯಾಟಿನ ಎಲ್‌ಇಡಿ ಎರಡಾದರೆ ಮೂರೂವರೆ ಆಂಪ್ ಒಳಗೆ, 5 ಅಥವಾ 7.5 ಆಂಪ್ ಫ್ಯೂಸ್ ಸಾಕು. ಆದರೆ ಅಗ್ಗದ ಎಲ್‌ಇಡಿಗಳ ಡಬ್ಬದ ಮೇಲೆ ಬರೆದ ವ್ಯಾಟ್ ನಂಬಿ ಲೆಕ್ಕ ಹಾಕಬೇಡಿ. ಮೀಟರನ್ನು 10 ಆಂಪ್ ರೇಂಜಿನಲ್ಲಿ ಸಾಲಿಗೆ ಸೇರಿಸಿ ಎಷ್ಟು ಎಳೆಯುತ್ತದೆ ಅಂತ ನೋಡಿ. ನೋಡಿ ಆದ ಮೇಲೆ ಕೆಂಪು ಪ್ರೋಬನ್ನು ವೋಲ್ಟ್ ತೂತಿಗೆ ವಾಪಸ್ ಹಾಕಲು ಮರೆಯಬೇಡಿ. ಆಂಪ್ ತೂತಿನಲ್ಲೇ ಬಿಟ್ಟು ಬ್ಯಾಟರಿ ವೋಲ್ಟೇಜ್ ನೋಡಲು ಹೋದರೆ ಮೀಟರ್ ಮೂಲಕವೇ ಶಾರ್ಟ್ ಆಗುತ್ತದೆ.

ಕೈಯಲ್ಲಿ ಏನಿರಬೇಕು

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಬಲ್ಬ್ ಇರುವ ಟೆಸ್ಟ್ ಲ್ಯಾಂಪ್, ಎರಡು ಮೀಟರ್ ಉದ್ದದ ಜಂಪರ್ ವೈರ್ ಎರಡು ತುದಿಗೂ ಕ್ಲಿಪ್ ಹಾಕಿದ್ದು, ಸ್ಯಾಂಡ್ ಪೇಪರ್, ಒಂದು ಹಳೇ ಹೆಡ್‌ಲೈಟ್ ಬಲ್ಬ್. ಬಲ್ಬ್ ಯಾಕೆ ಅಂತ ಮುಂದೆ ಬರುತ್ತದೆ.

ಟೆಸ್ಟ್ ಲ್ಯಾಂಪ್ ಬಗ್ಗೆ ಒಂದು ಮಾತು. ಎಲ್‌ಇಡಿ ಟೆಸ್ಟರ್ ಬೇಡ, ಬಲ್ಬಿನದ್ದೇ ಇರಲಿ. ಬಲ್ಬು ಸ್ವಲ್ಪ ಕರೆಂಟ್ ಎಳೆಯುತ್ತದೆ, ಅದೇ ಅದರ ಗುಣ. ಡಿಜಿಟಲ್ ಮೀಟರ್ ಏನೂ ಎಳೆಯುವುದಿಲ್ಲ ಅನ್ನಬಹುದು, ಹಾಗಾಗಿ ಕಿಲುಬು ಹಿಡಿದು ಒಂದೇ ಒಂದು ಎಳೆ ಉಳಿದಿರುವ ವೈರಿನಲ್ಲೂ 12.6 ಅಂತಲೇ ತೋರಿಸುತ್ತದೆ. ಅದನ್ನು ನೋಡಿ "ಇಲ್ಲಿವರೆಗೂ ಕರೆಂಟ್ ಬಂದಿದೆ, ಲೈಟೇ ಹೋಗಿದೆ" ಅಂತ ತೀರ್ಮಾನ ಮಾಡಿದವರು ಬಹಳ ಜನ. ಅಡಿಕೆ ತೋಟದಲ್ಲಿ ಡ್ರಿಪ್ ಪೈಪು ಕಟ್ಟಿಕೊಂಡಿದ್ದರೂ ಗೇಟ್‌ವಾಲ್ವ್ ಮುಚ್ಚಿದಾಗ ಪ್ರೆಷರ್ ಗೇಜು ಪೂರ್ತಿ ತೋರಿಸುತ್ತದಲ್ಲ, ವಾಲ್ವ್ ಬಿಟ್ಟ ಮೇಲೇ ನೀರು ಬರುತ್ತಿಲ್ಲ ಅಂತ ಗೊತ್ತಾಗುವುದು, ಇದೂ ಹಾಗೆಯೇ. ಲೈಟ್ ಕನೆಕ್ಟ್ ಆಗಿರುವಾಗಲೇ, ಸ್ವಿಚ್ ಆನ್ ಇರುವಾಗಲೇ ಅಳೆಯಬೇಕು.

ಒಂದು ಎಚ್ಚರಿಕೆ: ಸ್ಟೀರಿಂಗ್ ಕೆಳಗಿನ ಹಳದಿ ತೋಳಿನ ವೈರು, ಹಳದಿ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕೊಂಡಿ) ಏರ್‌ಬ್ಯಾಗಿನದ್ದು. ಅದನ್ನು ಟೆಸ್ಟ್ ಲ್ಯಾಂಪಿನಿಂದ ಮುಟ್ಟಲೇಬೇಡಿ.

ಎರಡೂ ಲೈಟ್ ಉರಿಯುತ್ತಿಲ್ಲ

ಮೊದಲು ಫ್ಯೂಸ್ ನೋಡಿ. ಕಣ್ಣಿನಲ್ಲಿ ನೋಡಿದರೆ ಸಾಲದು. ಕೆಲವು ಸಲ ತಂತಿ ಚೆನ್ನಾಗಿಯೇ ಕಾಣುತ್ತದೆ, ಕಾಲಿನ ಹತ್ತಿರ ಬಿರುಕು ಬಿಟ್ಟಿರುತ್ತದೆ. ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳಿರುತ್ತವೆ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿ ನೆಗೆಟಿವ್‌ಗೆ ಹಾಕಿ ಎರಡೂ ಚುಕ್ಕೆ ಮುಟ್ಟಿ. ಎರಡರಲ್ಲೂ ಉರಿದರೆ ಫ್ಯೂಸ್ ಸರಿ.

ಆಮೇಲೆ ರಿಲೇ ಹತ್ತಿರ ಬನ್ನಿ. ಟೆಸ್ಟ್ ಲ್ಯಾಂಪ್ 30ಕ್ಕೆ ಇಟ್ಟರೆ ಯಾವಾಗಲೂ ಉರಿಯಬೇಕು. ಸ್ವಿಚ್ ಹಾಕಿದಾಗ 86ರಲ್ಲಿ ಉರಿಯಬೇಕು. 85 ಅರ್ತ್, ಅದನ್ನು ಪರೀಕ್ಷೆ ಮಾಡಲು ಕ್ಲಿಪ್ಪನ್ನು ಬ್ಯಾಟರಿ ಪ್ಲಸ್‌ಗೆ ಬದಲಾಯಿಸಿ ತುದಿಯನ್ನು 85ಕ್ಕೆ ಇಡಿ, ಉರಿಯಬೇಕು. ಈ ಮೂರೂ ಸರಿ ಇದ್ದೂ ರಿಲೇ ಟಕ್ ಅನ್ನದಿದ್ದರೆ ಮಾತ್ರ ರಿಲೇ ಮೇಲೆ ಅನುಮಾನ ಪಡಿ.

ಆಗಲೂ ಹೊಸದು ತರುವ ಮುಂಚೆ ರಿಲೇಯ ಮೈ ಮೇಲೆ ಬರೆದದ್ದನ್ನು ಓದಿ. ನಮ್ಮ ಊರುಗಳಲ್ಲಿ ಲಾರಿ ಸಾಮಾನು, ಕಾರು ಸಾಮಾನು ಒಂದೇ ಅಂಗಡಿಯಲ್ಲಿ ಸಿಗುತ್ತವೆ. 12 ವೋಲ್ಟಿನ ರಿಲೇ, 24 ವೋಲ್ಟಿನ ರಿಲೇ ನೋಡಲು ಒಂದೇ ಥರ, ಪಿನ್ನೂ ಒಂದೇ ಥರ. ಕೌಂಟರಿನ ಹುಡುಗ ಅವಸರದಲ್ಲಿ 24ರದ್ದು ಕೊಟ್ಟರೆ ಅದು ನಿಮ್ಮ ಗಾಡಿಯಲ್ಲಿ ಎಳೆಯುವುದೇ ಇಲ್ಲ, ಅಂದರೆ ಟಕ್ ಅನ್ನುವುದೇ ಇಲ್ಲ, ಅಥವಾ ಎಂಜಿನ್ ಓಡುವಾಗ 14 ವೋಲ್ಟ್ ಬಂದಾಗ ಎಳೆಯುವಂತೆ ಮಾಡಿ ಬಿಡುತ್ತದೆ. ನಮ್ಮ ಪಕ್ಕದ ಮನೆಯವರ ಪಿಕಪ್‌ನಲ್ಲಿ ಇದೇ ಆಗಿತ್ತು. "ಹೊಸ ರಿಲೇನೇ ಹಾಕೀನಿ ಕಣಣ್ಣ, ಆದರೂ ಬರ್ತಿಲ್ಲ" ಅಂತ ಅವರ ಮಗ ಪೂರ್ತಿ ವೈರಿಂಗ್ ಬಿಚ್ಚಿಕೊಂಡು ಕೂತಿದ್ದ. ರಿಲೇ ತಿರುಗಿಸಿ ಓದಿದರೆ 24ವಿ.

ರಿಲೇ ಟಕ್ ಅನ್ನುತ್ತದೆ, ಲೈಟ್ ಇಲ್ಲ ಅನ್ನುವ ಸ್ಥಿತಿಯಲ್ಲಿ ರಿಲೇ ಕಿತ್ತು, ಸಾಕೆಟ್ಟಿನ 30 ಮತ್ತು 87ನೇ ತೂತುಗಳನ್ನು ದಪ್ಪ ಜಂಪರ್ ವೈರಿನಿಂದ ಸೇರಿಸಿ. ಫ್ಯೂಸ್ ಅದರ ಜಾಗದಲ್ಲೇ ಇರಲಿ. ಲೈಟ್ ಉರಿದರೆ ರಿಲೇಯೊಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಉರಿಯದಿದ್ದರೆ ರಿಲೇ ನಿರಪರಾಧಿ, ಲೈಟಿನ ಕಡೆಯ ವೈರು ಅಥವಾ ಅರ್ತ್ ನೋಡಿ. ಐದು ಪಿನ್ನಿನ ರಿಲೇ ಇದ್ದರೆ ನಡುವಿನ ಪಿನ್ 87ಎ ಆಗಿರಬಹುದು, ಅದು ರಿಲೇ ಆಫ್ ಇರುವಾಗ ಸೇರಿರುವ ಪಿನ್. ಲೈಟಿನ ವೈರನ್ನು ಅದಕ್ಕೆ ಹಾಕಿದ್ದರೆ ಸ್ವಿಚ್ ಹಾಕಿದಾಗ ಲೈಟ್ ಆರುತ್ತದೆ, ತೆಗೆದಾಗ ಉರಿಯುತ್ತದೆ.

ಒಂದು ಲೈಟ್ ಮಾತ್ರ ಉರಿಯುತ್ತಿಲ್ಲ, ಅಥವಾ ಮಂಕು

ಇದು ಸುಲಭ. ಫ್ಯೂಸ್, ರಿಲೇ, ಸ್ವಿಚ್ ಮೂರೂ ಎರಡು ಲೈಟಿಗೂ ಒಂದೇ, ಹಾಗಾಗಿ ಅವುಗಳ ತಂಟೆಗೆ ಹೋಗಬೇಡಿ. ಎಡಗಡೆ ಲೈಟಿನ ಕಪ್ಲರನ್ನು ಬಲಗಡೆ ಲೈಟಿಗೆ, ಬಲಗಡೆಯದನ್ನು ಎಡಕ್ಕೆ ಹಾಕಲು ಆಗುತ್ತದಾ ನೋಡಿ. ವೈರ್ ಮುಟ್ಟದಿದ್ದರೆ ಬಲ್ಬ್ ಅದಲುಬದಲು ಮಾಡಿ. ದೋಷವೂ ಜಾಗ ಬದಲಿಸಿದರೆ ಲೈಟ್ ಅಥವಾ ಬಲ್ಬ್ ಹೋಗಿದೆ. ದೋಷ ಅದೇ ಕಡೆ ಉಳಿದರೆ ವೈರ್ ಅಥವಾ ಅರ್ತ್.

ಅರ್ತ್ ಅಂತ ಹೇಳುವಾಗ ನಾನು ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಇದೇ. ಕಿಟ್ಟಿನ ಜೊತೆ ಬರುವ ಕಪ್ಪು ವೈರಿನ ತುದಿಯಲ್ಲಿ ಒಂದು ರಿಂಗ್ ಇರುತ್ತದೆ. ಅದನ್ನು ಬಂಪರ್ ಬ್ರಾಕೆಟ್ಟಿನ ಕೈಗೆ ಸಿಕ್ಕ ಬೋಲ್ಟಿಗೆ ಹಾಕಿ ಬಿಗಿ ಮಾಡುತ್ತಾರೆ. ಆ ಬ್ರಾಕೆಟ್ಟಿಗೆ ಪೇಂಟ್ ಇದೆ, ಬೋಲ್ಟಿನ ಚೂಪಾದ ಅಂಚು ಪೇಂಟನ್ನು ಸ್ವಲ್ಪ ಕೆರೆದು ಅಲ್ಲಿಂದ ಕರೆಂಟ್ ಹೋಗುತ್ತದೆ, ಮೊದಲ ದಿನ ಲೈಟ್ ಜೋರಾಗಿ ಉರಿಯುತ್ತದೆ. ಒಂದು ಮಳೆಗಾಲ ಕಳೆಯಲಿ, ಕೆರೆದ ಜಾಗಕ್ಕೆ ತುಕ್ಕು ಬರುತ್ತದೆ. ಕೆಲವು ಗಾಡಿಗಳಲ್ಲಿ ಬಂಪರ್ ಪ್ಲಾಸ್ಟಿಕ್, ಬ್ರಾಕೆಟ್ ರಬ್ಬರ್ ಬುಷ್ ಮೇಲೆ ಕೂತಿರುತ್ತದೆ, ಅಲ್ಲಿ ಅರ್ತ್ ಸಿಗುವುದೇ ಇಲ್ಲ.

ಪರೀಕ್ಷೆ ಹೀಗೆ. ಎಂಜಿನ್ ಸ್ಟಾರ್ಟ್ ಮಾಡಿ, ಲೈಟ್ ಹಾಕಿ. ಮೀಟರ್ ಡಿಸಿ ವೋಲ್ಟಿಗೆ ಇಟ್ಟು, ಒಂದು ಪ್ರೋಬನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಕ್ಲಾಂಪಿನ ಮೇಲಲ್ಲ, ಕಂಬದ ಮೇಲೇ ಇಡಿ. ಇನ್ನೊಂದನ್ನು ಲೈಟಿನ ಕಪ್ಪು ವೈರಿಗೆ, ಕಪ್ಲರಿನ ಹಿಂದಿನಿಂದ ಚುಚ್ಚಿ. 0.1, 0.2 ವೋಲ್ಟ್ ಬಂದರೆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟ್, ಒಂದು ವೋಲ್ಟ್ ಬಂದರೆ ಅಷ್ಟು ವೋಲ್ಟ್ ಅರ್ತಿನಲ್ಲೇ ಸಾಯುತ್ತಿದೆ. 12 ಹತ್ತಿರ ಬಂದರೆ ಅರ್ತ್ ಇಲ್ಲವೇ ಇಲ್ಲ. ಇದೇ ಥರ ಬ್ಯಾಟರಿ ಪ್ಲಸ್ ಕಂಬದಿಂದ ಲೈಟಿನ ಕೆಂಪು ವೈರಿಗೂ ಅಳೆಯಿರಿ. ಅಲ್ಲಿ ಫ್ಯೂಸ್, ರಿಲೇ, ಉದ್ದದ ವೈರ್ ಎಲ್ಲ ಇರುವುದರಿಂದ ಅರ್ಧ ವೋಲ್ಟಿನವರೆಗೆ ಬಿಡಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಪ್ರೋಬನ್ನು ಹಂತ ಹಂತವಾಗಿ ಬ್ಯಾಟರಿ ಕಡೆಗೆ ತನ್ನಿ: 87, 30, ಫ್ಯೂಸಿನ ಆಚೆ, ಫ್ಯೂಸಿನ ಈಚೆ. ಎಲ್ಲಿ ಮೀಟರಿನ ಅಂಕಿ ತಟ್ಟನೆ ಇಳಿಯುತ್ತದೋ ಅಲ್ಲೇ ಕೆಟ್ಟ ಜಾಯಿಂಟ್ ಇದೆ. ಯಾವುದನ್ನೂ ಬಿಚ್ಚದೆ ಸಿಗುತ್ತದೆ ನೋಡಿ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ.

ಒಂದು ವೋಲ್ಟ್ ಹೋದರೆ ಏನು ಮಹಾ ಅನ್ನಬೇಡಿ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇಕಡ 10 ಕಮ್ಮಿ ಆದರೆ ಬೆಳಕು ಸುಮಾರು ಶೇಕಡ 30 ಕಮ್ಮಿ ಆಗುತ್ತದೆ. ಹೊಸ ಬಲ್ಬ್ ಹಾಕಿದರೂ ಮಂಕು, ಜಾಸ್ತಿ ವ್ಯಾಟಿನದು ಹಾಕಿದರೂ ಮಂಕು ಅನ್ನುವವರ ಗಾಡಿಯಲ್ಲಿ ಇದೇ ಆಗಿರುತ್ತದೆ. ಜಾಸ್ತಿ ವ್ಯಾಟಿನ ಬಲ್ಬ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಕೆಟ್ಟ ಜಾಯಿಂಟಿನಲ್ಲಿ ಇನ್ನೂ ಜಾಸ್ತಿ ವೋಲ್ಟ್ ಸಾಯುತ್ತದೆ, ಜಾಯಿಂಟ್ ಬಿಸಿಯಾಗಿ ಕಪ್ಲರ್ ಕರಗುತ್ತದೆ. ಎಲ್‌ಇಡಿಯಲ್ಲಿ ಮಂಕಾಗುವುದು ಬೇಗ ಕಾಣುವುದಿಲ್ಲ, ಒಳಗಿನ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಹದ ಮಾಡಿ ಕೊಡುವ ಸರ್ಕ್ಯೂಟ್) ಸಂಭಾಳಿಸುತ್ತದೆ, ಆಮೇಲೆ ಒಂದು ದಿನ ಮಿಣುಕಲು ಶುರು ಮಾಡುತ್ತದೆ.

ಸರಿ ಮಾಡುವುದು ಕಷ್ಟವಲ್ಲ. ಚಾಸಿಯ ಒಂದು ಗಟ್ಟಿ ಬೋಲ್ಟ್ ಆರಿಸಿ, ಸುತ್ತಲಿನ ಪೇಂಟನ್ನು ಹೊಳೆಯುವ ಲೋಹ ಕಾಣುವವರೆಗೂ ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ರಿಂಗ್ ಕೂರಿಸಿ ಬಿಗಿ ಮಾಡಿ, ಮೇಲೆ ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಸವರಿ. ಗ್ರೀಸ್ ಬಿಗಿ ಮಾಡಿದ ಮೇಲೆ, ಮೊದಲೇ ಅಲ್ಲ. ಎರಡೂ ಲೈಟಿನ ಅರ್ತನ್ನು ನೇರವಾಗಿ ಬ್ಯಾಟರಿ ನೆಗೆಟಿವ್‌ವರೆಗೆ ತಂದರೆ ಇನ್ನೂ ವಾಸಿ, ವೈರಿಗೆ ಒಂದಿಷ್ಟು ದುಡ್ಡು ಹೆಚ್ಚು ಅಷ್ಟೇ.

ಇನ್ನೊಂದು ವಿಚಿತ್ರ ಲಕ್ಷಣ ಇದೇ ಗುಂಪಿಗೆ ಸೇರುತ್ತದೆ. ಇಂಡಿಕೇಟರ್ ಹಾಕಿದಾಗ ಎಕ್ಸ್‌ಟ್ರಾ ಲೈಟ್ ಸಣ್ಣಗೆ ಮಿಣಿಮಿಣಿ ಅನ್ನುತ್ತದೆ, ಅಥವಾ ಎಕ್ಸ್‌ಟ್ರಾ ಲೈಟ್ ಹಾಕಿದಾಗ ಪಾರ್ಕಿಂಗ್ ಲೈಟ್ ಏನೇನೋ ಆಡುತ್ತದೆ. ಗಾಡಿಗೆ ಭೂತ ಹಿಡಿದಿಲ್ಲ. ಎರಡೂ ಒಂದೇ ಅರ್ತ್ ಬೋಲ್ಟಿಗೆ ಸೇರಿವೆ, ಆ ಬೋಲ್ಟ್ ಕೆಟ್ಟಿದೆ, ಹೊರಗೆ ಹೋಗಲು ದಾರಿ ಸಿಗದ ಕರೆಂಟ್ ಇನ್ನೊಂದು ಬಲ್ಬಿನ ಮೂಲಕ ಹಿಂದಕ್ಕೆ ಹರಿದು ದಾರಿ ಮಾಡಿಕೊಳ್ಳುತ್ತಿದೆ.

ಫ್ಯೂಸ್ ಹೋಗುತ್ತಲೇ ಇದೆ

ಯಾವಾಗ ಹೋಗುತ್ತದೆ ಅನ್ನುವುದೇ ಇಲ್ಲಿ ಮುಖ್ಯ ಸುಳಿವು. ಸ್ವಿಚ್ ಮುಟ್ಟುವ ಮೊದಲೇ, ಫ್ಯೂಸ್ ಹಾಕಿದ ತಕ್ಷಣ ಹೋದರೆ ಫ್ಯೂಸಿನಿಂದ 30ರವರೆಗಿನ ವೈರ್ ಎಲ್ಲೋ ಬಾಡಿಗೆ ತಾಗಿದೆ. ಸ್ವಿಚ್ ಹಾಕಿದಾಗ ಹೋದರೆ 87ರಿಂದ ಲೈಟಿನವರೆಗಿನ ವೈರು. ಹತ್ತು ಹದಿನೈದು ನಿಮಿಷ ಉರಿದು ಆಮೇಲೆ ಹೋದರೆ ಒಂದೋ ಲೋಡ್ ಜಾಸ್ತಿ, ಇಲ್ಲವೇ ಫ್ಯೂಸ್ ಹೋಲ್ಡರಿನ ಹಿಡಿತ ಸಡಿಲವಾಗಿ ಬಿಸಿಯಾಗುತ್ತಿದೆ. ಹೋಲ್ಡರ್ ಪ್ಲಾಸ್ಟಿಕ್ ಕಂದಾಗಿದ್ದರೆ ಹೋಲ್ಡರನ್ನೇ ಬದಲಾಯಿಸಿ. ಹಂಪ್ ಮೇಲೆ ಎಗರಿದಾಗ ಹೋದರೆ ಎಲ್ಲೋ ವೈರ್ ಉಜ್ಜುತ್ತಿದೆ.

ಸ್ವಿಚ್ ಹಾಕಿದಾಗ ಹೋಗುವುದರಲ್ಲಿ ಇನ್ನೆರಡು ಕಾರಣಗಳಿವೆ, ಇವನ್ನು ಜನ ಊಹಿಸುವುದಿಲ್ಲ. ಒಂದು, ಒಳಗೆ ಬಲ್ಬ್ ಇರುವ ಮೂರು ಪಿನ್ನಿನ ಸ್ವಿಚ್. ಒಂದು ಪಿನ್ ಸಪ್ಲೈ, ಒಂದು ರಿಲೇಗೆ, ಒಂದು ಅರ್ತ್. ರಿಲೇಯ ಪಿನ್ನೂ ಅರ್ತ್ ಪಿನ್ನೂ ಅದಲುಬದಲಾದರೆ ಸ್ವಿಚ್ ಒತ್ತಿದ ಕೂಡಲೇ ಸಪ್ಲೈ ನೇರ ಅರ್ತಿಗೆ. ಆಗ ಹೋಗುವುದು ನಿಮ್ಮ ಲೈಟಿನ ಫ್ಯೂಸ್ ಅಲ್ಲ, ಎಲ್ಲಿಂದ ಸ್ವಿಚ್ಚಿಗೆ ಸಪ್ಲೈ ತೆಗೆದಿದ್ದೀರೋ ಆ ಫ್ಯೂಸ್. ಮ್ಯೂಸಿಕ್ ಸಿಸ್ಟಮ್ಮಿನದ್ದೋ ಹೆಡ್‌ಲೈಟಿನದ್ದೋ. ಎರಡನೆಯದು, ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಮಾನು) ಇರುವ ರಿಲೇ. ಸಾಮಾನ್ಯ ರಿಲೇಗೆ 85, 86 ಹೇಗೆ ಹಾಕಿದರೂ ನಡೆಯುತ್ತದೆ, ಡಯೋಡ್ ಇದ್ದರೆ ಉಲ್ಟಾ ಹಾಕಿದ ಕೂಡಲೇ ಶಾರ್ಟ್. ರಿಲೇ ಮೈ ಮೇಲಿನ ಚಿತ್ರದಲ್ಲಿ ಕಾಯಿಲ್ ಪಕ್ಕ ಬಾಣದ ಗುರುತು ಇದ್ದರೆ ಡಯೋಡ್ ಇದೆ ಅಂತ ತಿಳಿಯಿರಿ.

ಶಾರ್ಟ್ ಹುಡುಕಲು ಒಂದಾದ ಮೇಲೊಂದು ಫ್ಯೂಸ್ ಸುಡಬೇಕಿಲ್ಲ. ಹಳೇ ಹೆಡ್‌ಲೈಟ್ ಬಲ್ಬ್ ಇಟ್ಟುಕೊಳ್ಳಿ ಅಂದಿದ್ದು ಇದಕ್ಕೇ. ಲೈಟುಗಳ ಕಪ್ಲರ್ ಬಿಚ್ಚಿ. ಫ್ಯೂಸ್ ತೆಗೆದು, ಅದರ ಎರಡು ಕಾಲುಗಳ ಜಾಗಕ್ಕೆ ಬಲ್ಬಿನ ಎರಡು ವೈರ್ ಸೇರಿಸಿ. ಸ್ವಿಚ್ ಹಾಕಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ವೈರಿಗೆ ಏನೂ ಆಗುವುದಿಲ್ಲ, ಬಲ್ಬೇ ಕರೆಂಟನ್ನು ಐದಾರು ಆಂಪಿಗೆ ತಡೆಯುತ್ತದೆ. ಈಗ ವೈರಿಂಗನ್ನು ಒಂದು ಕಡೆಯಿಂದ ಅಲುಗಾಡಿಸುತ್ತಾ ಬನ್ನಿ. ರೇಡಿಯೇಟರ್ ಪಕ್ಕ, ಹಾರ್ನ್ ಬ್ರಾಕೆಟ್ಟಿನ ಹಿಂದೆ, ಫೈರ್‌ವಾಲ್ ತೂತಿನ ಹತ್ತಿರ. ಎಲ್ಲಿ ಅಲುಗಿಸಿದಾಗ ಬಲ್ಬ್ ಆರುತ್ತದೋ ಅಲ್ಲಿ ನಿಲ್ಲಿ.

ಫ್ಯೂಸಿನ ಬದಲು ತಾಮ್ರದ ಎಳೆ ಸುತ್ತುವುದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಮಡಚಿ ಹಾಕುವುದು, 15ರ ಜಾಗಕ್ಕೆ 30 ಹಾಕುವುದು, ಇವು ನಮ್ಮ ಕಡೆ ಇನ್ನೂ ನಡೆಯುತ್ತವೆ. ದಯವಿಟ್ಟು ಬೇಡ. ಶಾರ್ಟ್ ಆದಾಗ ಬ್ಯಾಟರಿ ನೂರಾರು ಆಂಪ್ ಕೊಡುತ್ತದೆ, ಫ್ಯೂಸ್ ಹೋಗದಿದ್ದರೆ ವೈರ್ ಕೆಂಪಗೆ ಕಾಯುತ್ತದೆ, ಪಕ್ಕದಲ್ಲೇ ಡೀಸೆಲ್ ಪೈಪ್ ಇರುತ್ತದೆ. ಫ್ಯೂಸ್ ಹೋಲ್ಡರ್ ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಇರಬೇಕು. ಹೋಲ್ಡರನ್ನು ರಿಲೇ ಹತ್ತಿರ ಇಟ್ಟಿದ್ದರೆ ಬ್ಯಾಟರಿಯಿಂದ ಅಲ್ಲಿವರೆಗಿನ ವೈರಿಗೆ ಕಾವಲೇ ಇಲ್ಲ.

ಇಲಿಯನ್ನು ಮರೆಯಬಾರದು. ಮೆಕ್ಕೆಜೋಳದ ಗೋಡೌನ್, ಅಡಿಕೆ ಮನೆ, ಹುಲ್ಲಿನ ಬಣವೆ ಪಕ್ಕ ರಾತ್ರಿ ನಿಲ್ಲುವ ಗಾಡಿಗೆ ಇಲಿ ಕಾಟ ತಪ್ಪದು. ಬೆಚ್ಚಗಿನ ಬಾನೆಟ್ ಒಳಗೆ ಸೇರಿ ವೈರ್ ಕಡಿಯುತ್ತವೆ. ನಿನ್ನೆ ಸರಿ ಇದ್ದದ್ದು ಇವತ್ತು ಬೆಳಿಗ್ಗೆ ಇಲ್ಲ ಅಂದರೆ ಟಾರ್ಚ್ ಹಿಡಿದು ಹಿಕ್ಕೆ ಇದೆಯಾ ನೋಡಿ.

ಹೈ ಬೀಮ್ ಹಾಕಿದರೆ ಆರುತ್ತದೆ, ಡಿಪ್ ಹಾಕಿದರೆ ಉರಿಯುತ್ತದೆ

ಇದನ್ನು ನೋಡಿದವರು ತಲೆ ಕೆಡಿಸಿಕೊಳ್ಳುತ್ತಾರೆ. ಕೆಲವು ಗಾಡಿಗಳಲ್ಲಿ ಹೆಡ್‌ಲೈಟ್ ಸ್ವಿಚ್ ಇರುವುದು ಪ್ಲಸ್ ಕಡೆ ಅಲ್ಲ, ಅರ್ತ್ ಕಡೆ. ಬಲ್ಬಿನ ಕಾಮನ್ ಪಿನ್ನಿಗೆ, ಅಂದರೆ ಹೈ, ಡಿಪ್ ಎರಡೂ ಫಿಲಮೆಂಟಿಗೆ ಸೇರಿದ ಪಿನ್ನಿಗೆ, ಲೈಟ್ ಹಾಕಿದಾಗಲೆಲ್ಲ ಪ್ಲಸ್ ಬಂದಿರುತ್ತದೆ, ಹೈ ಅಥವಾ ಡಿಪ್ ಪಿನ್ನನ್ನು ಸ್ವಿಚ್ ಅರ್ತಿಗೆ ಸೇರಿಸುತ್ತದೆ. ನೀವು ಎಲ್ಲರ ಹಾಗೆ ಹೈ ಬೀಮ್ ವೈರನ್ನು 86ಕ್ಕೆ ತಂದು 85ನ್ನು ಅರ್ತ್ ಮಾಡಿದ್ದೀರಿ. ಹೈ ಬೀಮ್ ಆಫ್ ಇರುವಾಗ ಪ್ಲಸ್ ಫಿಲಮೆಂಟ್ ಮೂಲಕ ಇಳಿದು ಬಂದು ರಿಲೇಯನ್ನು ಎಳೆಯುತ್ತದೆ. ಹೈ ಹಾಕಿದ ಕೂಡಲೇ ಆ ವೈರ್ ಅರ್ತ್ ಆಗುತ್ತದೆ, ರಿಲೇ ಬಿಡುತ್ತದೆ. ಮೀಟರಿನಲ್ಲೂ ಉಲ್ಟಾ ಓದೇ ಬರುತ್ತದೆ, ಹೈ ಆಫ್ ಇರುವಾಗ 12, ಆನ್ ಇರುವಾಗ ಸೊನ್ನೆ. ಪರಿಹಾರ ಸುಲಭ: 86ಕ್ಕೆ ಬಲ್ಬಿನ ಕಾಮನ್ ಪಿನ್ನಿನ ಪ್ಲಸ್ ಕೊಡಿ, 85ನ್ನು ಬಾಡಿಯಿಂದ ಬಿಚ್ಚಿ ಹೈ ಬೀಮ್ ವೈರಿಗೆ ಸೇರಿಸಿ. ನಿಮ್ಮ ಸ್ವಿಚ್ ಈ ದಾರಿಯಲ್ಲೇ ಎಲ್ಲಾದರೂ ಇರಲಿ.

ಹೊಸ ಕಾರುಗಳಲ್ಲಿ ಇನ್ನೊಂದು ರಗಳೆ. ಲೈಟನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ, ಕೆಲವದರಲ್ಲಿ ಕರೆಂಟನ್ನು ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಮಾಡಿ ಕಳಿಸುತ್ತದೆ. ಆ ವೈರಿನಿಂದ ರಿಲೇಗೆ ಕೊಟ್ಟರೆ ರಿಲೇ ಜೇನುಹುಳದ ಹಾಗೆ ಗುಂಯ್ ಅನ್ನುತ್ತದೆ. ಸ್ವಿಚ್ ಆಫ್ ಇದ್ದರೂ ಎಲ್‌ಇಡಿ ಮಂಕಾಗಿ ಹೊಳೆಯುವುದೂ ಇದರಿಂದಲೇ, ಬಲ್ಬ್ ಇದೆಯೋ ಇಲ್ಲವೋ ಅಂತ ಕಂಪ್ಯೂಟರ್ ಆಗಾಗ ಸಣ್ಣ ಕರೆಂಟ್ ಕಳಿಸಿ ನೋಡುತ್ತಿರುತ್ತದೆ. ಅಂಥ ವೈರ್ ಮುಟ್ಟಬೇಡಿ. ಕೀ ಆನ್ ಮಾಡಿದಾಗ ಬರುವ ಯಾವುದಾದರೂ ಸಾದಾ ಫ್ಯೂಸಿನಿಂದ ಸಪ್ಲೈ ತೆಗೆದು ಸ್ವಿಚ್ಚಿಗೆ ಕೊಡಿ.

ಬೈಕಿನವರಿಗೆ ಎರಡೇ ಮಾತು. ಹಳೇ ಬೈಕುಗಳಲ್ಲಿ ಹೆಡ್‌ಲೈಟ್ ಬ್ಯಾಟರಿಯಿಂದ ಅಲ್ಲ, ನೇರ ಮ್ಯಾಗ್ನೆಟ್ ಕಾಯಿಲಿನ ಎಸಿಯಿಂದ ಉರಿಯುತ್ತದೆ, ಆ ವೈರಿಗೆ ಎಲ್‌ಇಡಿ ಸೇರಿಸಿದರೆ ಮಿಣುಕುತ್ತದೆ. ಬ್ಯಾಟರಿಯಿಂದ ತೆಗೆಯಿರಿ. 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಎಂಜಿನ್ ಓಡುವಾಗ ಹೆಡ್‌ಲೈಟ್ ತಾನೇ ಉರಿದಿರುತ್ತದೆ, ಡಿಪ್ ವೈರಿನಿಂದ ಸಪ್ಲೈ ತೆಗೆದರೆ ಎಕ್ಸ್‌ಟ್ರಾ ಲೈಟೂ ಹಗಲೆಲ್ಲ ಉರಿಯುತ್ತದೆ.

ಬೆಳಿಗ್ಗೆ ಸೆಲ್ಫ್ ಹೊಡೆಯುತ್ತಿಲ್ಲ

ಲೈಟ್ ಆರಿಸಿದ್ದರೂ ಬ್ಯಾಟರಿ ಇಳಿಯುತ್ತಿದ್ದರೆ ಕೀ ತೆಗೆದು, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ ಮೀಟರನ್ನು ಆಂಪ್‌ನಲ್ಲಿ ನಡುವೆ ಸೇರಿಸಿ. 50 ಮಿಲಿಆಂಪ್ ಒಳಗಿದ್ದರೆ ಸರಿ. ಜಾಸ್ತಿ ಇದ್ದರೆ ಎಕ್ಸ್‌ಟ್ರಾ ಲೈಟಿನ ಫ್ಯೂಸ್ ಕಿತ್ತು ನೋಡಿ, ಇಳಿಯದಿದ್ದರೆ ರಿಲೇಯನ್ನೂ ಕಿತ್ತು ನೋಡಿ. ಆಗ ಇಳಿದರೆ ಕಳ್ಳ ಸಿಕ್ಕ. ಸ್ವಿಚ್ಚಿಗೆ ಯಾವಾಗಲೂ ಇರುವ ಪ್ಲಸ್ ಕೊಟ್ಟು, ಲೈಟಿನ ಕಪ್ಲರ್ ಕಿತ್ತುಬಂದು, ಸ್ವಿಚ್ ಆನ್ ಇರುವುದು ಯಾರಿಗೂ ಗೊತ್ತಾಗದೆ ಬರೀ ರಿಲೇಯ ಕಾಯಿಲ್ ಎಳೆಯುತ್ತಾ ಇರುವುದು ಉಂಟು. 150 ಮಿಲಿಆಂಪ್ ಅಂದರೆ ದಿನಕ್ಕೆ 3.6 ಆಂಪ್ ಅವರ್, ವಾರಕ್ಕೆ 25. ಊರಿಗೆ ಹೋಗಿ ವಾರ ಬಿಟ್ಟು ಬಂದರೆ 45 ಆಂಪ್ ಅವರ್ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಹೋಗಿರುತ್ತದೆ. ಹೈ ಬೀಮ್‌ನಿಂದಲೋ ಕೀ ಸಪ್ಲೈಯಿಂದಲೋ ತೆಗೆದರೆ ಈ ತೊಂದರೆಯೇ ಇಲ್ಲ.

ವಾಟರ್ ಸರ್ವಿಸ್ ಮಾಡಿಸಿದ ಮಾರನೇ ದಿನ ಶುರುವಾಗುವ ದೋಷ ಬಹುತೇಕ ಕಪ್ಲರಿಗೆ ನೀರು ಹೊಕ್ಕಿದ್ದೇ. ಬಿಚ್ಚಿ, ಗಾಳಿ ಹೊಡೆದು ಒಣಗಿಸಿ, ಪಿನ್ನು ಹಸಿರಾಗಿದ್ದರೆ ಉಜ್ಜಿ. ರಿಲೇಯನ್ನು ಪಿನ್ ಕೆಳಗೆ ಬರುವ ಹಾಗೆ ಕೂರಿಸಿ, ಮೇಲ್ಮುಖವಾಗಿದ್ದರೆ ಸಾಕೆಟ್ಟಿನಲ್ಲಿ ನೀರು ನಿಲ್ಲುತ್ತದೆ. ಬರೀ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಇದ್ದರೆ ಇವತ್ತೇ ಕತ್ತರಿಸಿ ಹಾಕಿ. ನಮ್ಮ ಏಪ್ರಿಲ್ ಬಿಸಿಲಿಗೆ, ಎಂಜಿನ್ ಕಾವಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಜೂನ್ ಮಳೆಗೆ ಅಲ್ಲೇ ನೀರು ಸೇರುತ್ತದೆ. ಕ್ರಿಂಪ್ ಮಾಡಿ ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಗ್ಲಾಸಿನ ಒಳಗೆ ಸ್ವಲ್ಪ ಮಂಜು ಕಟ್ಟಿ ಲೈಟ್ ಉರಿದ ಮೇಲೆ ಹೋದರೆ ಚಿಂತೆ ಬೇಡ, ನೀರೇ ನಿಂತಿದ್ದರೆ ಸೀಲ್ ಹೋಗಿದೆ.

ಲೈಟ್ ಹಾಕಿದಾಗ ಚಿತ್ರದುರ್ಗ ಆಕಾಶವಾಣಿ ಬದಲು ಬರೀ ಗರಗರ ಬಂದರೆ ಎಲ್‌ಇಡಿ ಡ್ರೈವರಿನ ಗಲಾಟೆ ಅದು. ವೈರನ್ನು ಆಂಟೆನಾ ಕೇಬಲಿನಿಂದ ದೂರ ಒಯ್ಯಿರಿ, ಲೈಟಿನ ಹತ್ತಿರ ವೈರಿಗೆ ಫೆರೈಟ್ ಕ್ಲಿಪ್ (ಗಲಾಟೆ ತಡೆಯಲು ವೈರ್ ಸುತ್ತ ಕೂರಿಸುವ ಉಂಡೆ) ಹಾಕಿ ನೋಡಿ. ಅಗ್ಗದ ಲೈಟಾದರೆ ಪೂರ್ತಿ ಹೋಗದೇ ಇರಬಹುದು.

ಉರಿಯುತ್ತದೆ, ಆದರೆ ರಸ್ತೆ ಕಾಣುತ್ತಿಲ್ಲ

ಇದೂ ದೋಷವೇ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 25 ಅಡಿ ದೂರ ಗಾಡಿ ನಿಲ್ಲಿಸಿ. ನೆಲದಿಂದ ಲೈಟಿನ ನಡುಮಧ್ಯದ ಎತ್ತರ ಅಳೆದು ಗೋಡೆ ಮೇಲೆ ಗುರುತು ಮಾಡಿ. ಬೆಳಕಿನ ಗಟ್ಟಿ ಭಾಗ ಆ ಗುರುತಿಗಿಂತ ಎರಡು ಮೂರು ಇಂಚು ಕೆಳಗೆ ಬೀಳಬೇಕು. ಪಿಕಪ್‌ನವರು ಖಾಲಿ ಗಾಡಿಯಲ್ಲಿ ಇದನ್ನು ಮಾಡಬೇಡಿ. ಹಿಂದೆ ಈರುಳ್ಳಿ ಚೀಲ ಪೂರ್ತಿ ಹೇರಿದಾಗ ಮೂತಿ ಮೇಲೇಳುತ್ತದೆ, ಖಾಲಿ ಇದ್ದಾಗ ಸರಿ ಇದ್ದ ಬೆಳಕು ಮರದ ತುದಿಗೆ ಹೋಗುತ್ತದೆ, ಎದುರಿನವನ ಕಣ್ಣಿಗೆ ಹೋಗುತ್ತದೆ. ಲೋಡ್ ಇಟ್ಟುಕೊಂಡೇ ಅಡ್ಜಸ್ಟ್ ಮಾಡಿ.

ನಾಲ್ಕು ಸಾಲು, ಆರು ಸಾಲಿನ ಎನ್‌ಎಚ್ 48ರಲ್ಲಿ ನಡುವೆ ಡಿವೈಡರ್ ಇದೆ. ಹೊಳಲ್ಕೆರೆ ಕಡೆಯ, ಚನ್ನಗಿರಿ ಕಡೆಯ ಒಳರಸ್ತೆಗಳಲ್ಲಿ ಎದುರು ಬರುವ ಬೈಕಿನವನಿಗೂ ನಿಮಗೂ ನಡುವೆ ಏನೂ ಇರುವುದಿಲ್ಲ. ಕಣ್ಣು ಕುಕ್ಕಿದ ಒಂದೆರಡು ಸೆಕೆಂಡಿನಲ್ಲಿ ಅವನು ಜೋಳದ ರಾಶಿಗೇ ನುಗ್ಗುತ್ತಾನೆ. ದೂರಕ್ಕೆ ಬೆಳಕು ಬೀರುವ ಇಂಥ ಎಕ್ಸ್‌ಟ್ರಾ ಲೈಟನ್ನು ಹೈ ಬೀಮ್ ಜೊತೆಗೆ ಮಾತ್ರ ಉರಿಯುವ ಹಾಗೆ ವೈರ್ ಮಾಡಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಎದುರು ಗಾಡಿ ಬಂದಾಗ ಡಿಪ್ ಮಾಡಿದರೆ ಅದೂ ತಾನೇ ಆರುತ್ತದೆ. ಕಣ್ಣು ಕುಕ್ಕುವ ಎಲ್‌ಇಡಿ ಹಾಕಿದವರ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈನಿಂದ ಕೇಸು ಹಾಕುತ್ತಿದ್ದಾರೆ, ದಂಡದ ಮಾತೂ ಇದೆ. ಆದರೆ ದಂಡಕ್ಕಿಂತ ಮೊದಲು ಎದುರಿನವನನ್ನು ನೋಡಿ.

ಎಲ್ಲ ಸರಿ ಮಾಡಿದ ಮೇಲೆ ಎಂಜಿನ್ ಓಡುತ್ತಿರಲಿ, ಲೈಟನ್ನು 20 ನಿಮಿಷ ಹಾಗೇ ಉರಿಸಿ. ಆಮೇಲೆ ಎಂಜಿನ್ ಆರಿಸಿ ಫ್ಯಾನ್ ನಿಂತ ಮೇಲೆ ಫ್ಯೂಸ್ ಹೋಲ್ಡರ್, ರಿಲೇ ಸಾಕೆಟ್, ಪ್ರತಿ ಕಪ್ಲರ್, ಅರ್ತ್ ಬೋಲ್ಟ್ ಎಲ್ಲವನ್ನೂ ಒಂದೊಂದಾಗಿ ಮುಟ್ಟಿ ನೋಡಿ. ರಿಲೇ ಸ್ವಲ್ಪ ಬೆಚ್ಚಗಿರುವುದು ಸಹಜ. ಬೇರೆ ಯಾವುದಾದರೂ ಜಾಯಿಂಟ್ ಪಕ್ಕದ ವೈರಿಗಿಂತ ಬಿಸಿ ಇದ್ದರೆ ಅದನ್ನು ಅವತ್ತೇ ಬಿಚ್ಚಿ ಮತ್ತೆ ಮಾಡಿ. ಯಾವ ಬಣ್ಣದ ವೈರ್ ಯಾವ ಪಿನ್ನಿಗೆ ಅಂತ ಒಂದು ಕಾಗದದಲ್ಲಿ ಬರೆದು, ಎರಡು ಫ್ಯೂಸ್ ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗಾಡಿಯಲ್ಲೇ ಇಡಿ.